ಮಾವನ ಮಿನಿಬೈಕಿಗೆ ಪಂಪ್‌ಸೆಟ್ ಎಂಜಿನ್ನು

ಕೆಲವರನ್ನು ಅದೃಷ್ಟ ಹುಡುಕಿಕೊಂಡು ಬರುತ್ತೆ. ನನ್ನನ್ನು ಹುಡುಕಿಕೊಂಡು ಬರೋದು ನನಗೆ ಗೊತ್ತಿಲ್ಲದ ಕೆಲಸಗಳು. ರಿಟೈರ್ ಆಗಿ ಇಷ್ಟು ವರ್ಷ ಆದರೂ ಬಿಟ್ಟಿಲ್ಲ. ಮೊನ್ನೆ ಪಕ್ಕದ ಮನೆಯವರು ಕೆಟ್ಟ ಮಿಕ್ಸಿಯೊಂದನ್ನು ತಂದು ನನ್ನ ಕೈಗಿಟ್ಟು, "ಫ್ಯಾಕ್ಟರೀಲಿ ಇದ್ದೋರಲ್ವಾ ನೀವು, ಸ್ವಲ್ಪ ನೋಡಿ ಸಾರ್" ಅಂದರು. ಮೇಲಿಂದ, ಕೆಳಗಿಂದ, ಪಕ್ಕದಿಂದ ನೋಡಿದೆ. "ನೋಡಿದೆ" ಅಂತ ಹೇಳಿ ವಾಪಸ್ ಕೊಟ್ಟೆ.

ಫ್ಯಾಕ್ಟರೀಲಿ ಇದ್ದದ್ದು ಸುಳ್ಳಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ಸ್ಟೋರ್ಸ್ ಗುಮಾಸ್ತ. ಯಾವ ಬೋಲ್ಟು ಯಾವ ಗೂಡಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಆ ಬೋಲ್ಟು ಯಾವುದಕ್ಕೆ ಹಾಕ್ತಾರೆ ಅಂತ ಕಣ್ಣು ಬಿಟ್ಕೊಂಡು ನೋಡಿದ್ರೂ ಗೊತ್ತಾಗ್ತಿರಲಿಲ್ಲ. ಈ ವ್ಯತ್ಯಾಸ ನನ್ನ ಮಾವನವರಿಗೆ ಯಾವತ್ತೂ ತಲೆಗೆ ಹೋಗಲಿಲ್ಲ. ಅದರಿಂದ ಎಂಬತ್ತರ ದಶಕದಲ್ಲಿ ಮೂರು ತಿಂಗಳು ನಾನು ಪಟ್ಟ ಪೀಕಲಾಟ ಇದು.

೧. ಬಾಯಲ್ಲಿ ಕೇಸರಿಬಾತ್

ಹುಡುಗಿ ನೋಡೋಕೆ ವಿಜಯನಗರಕ್ಕೆ ಹೋಗಿದ್ದೆ. ತಟ್ಟೆ ತುಂಬ ಉಪ್ಪಿಟ್ಟು, ಕೇಸರಿಬಾತ್. ದೊಡ್ಡದೊಂದು ತುತ್ತು ಕೇಸರಿಬಾತ್ ಬಾಯಿಗಿಟ್ಟ ಹೊತ್ತಿಗೆ ಸರಿಯಾಗಿ ಹುಡುಗಿಯ ಅಪ್ಪ ಕೇಳಿದರು:

"ಫ್ಯಾಕ್ಟರಿ ಅಂದ್ಮೇಲೆ ಈ ಎಂಜಿನ್ನು ಗಿಂಜಿನ್ನು ಎಲ್ಲ ನಿಮಗೆ ಗೊತ್ತಿರತ್ತೆ, ಅಲ್ವಾ?"

"ಹೂಂ" ಅಂದೆ. ಇಲ್ಲ ಅನ್ನೋಕೆ ಬಾಯಿ ತೆರೀಬೇಕಾಗಿತ್ತು, ಹೂಂ ಅನ್ನೋಕೆ ಬೇಕಿರಲಿಲ್ಲ.

ಮದುವೆಯಾಗಿ ನಾಲ್ಕು ವರ್ಷ ಆ ಹೂಂ ಎಲ್ಲೋ ತೆಪ್ಪಗೆ ಬಿದ್ದಿತ್ತು. ಒಂದು ಭಾನುವಾರ ಮಾವ ಹೇಳಿಕಳಿಸಿದರು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಿಂದ ಸೈಕಲ್ ಹೊಡ್ಕೊಂಡು ಹೋದೆ. ಹಿತ್ತಲಲ್ಲಿ ಒಂದು ಗೋಣಿತಾಟು ಎತ್ತಿ ತೋರಿಸಿದರು. ಕೆಳಗೆ ಅವರ ಮಿನಿಬೈಕು.

ಆ ಗಾಡಿಯ ವಿಷಯ ಹೇಳಲೇಬೇಕು. ಬ್ರಿಟಿಷರ ಕಾಲದ್ದು. ಯುದ್ಧದಲ್ಲಿ ಸಿಪಾಯಿಗಳ ಜೊತೆ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಕೆಳಕ್ಕೆ ಬಿಡ್ತಿದ್ದರಂತೆ. ಹ್ಯಾಂಡಲ್ ಮಡಚಬಹುದು, ಸೀಟನ್ನು ಒಳಕ್ಕೆ ಇಳಿಸಬಹುದು, ಚಕ್ರಗಳು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡವು. ನಿಲ್ಲಿಸಿದರೆ ನನ್ನ ತೊಡೆಯವರೆಗೂ ಬರ್ತಿರಲಿಲ್ಲ. ಮಾವ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿದ್ದಾಗ ಹರಾಜಿನಲ್ಲಿ ಹಿಡಿದದ್ದು. ಆಮೇಲೆ ಅವರ ಬಲಗಾಲಿನ ಮಂಡಿ ಮಡಚೋದು ನಿಂತುಹೋಯಿತು. ಬಸ್ಸು ಹತ್ತೋಕೆ ಆಗಲ್ಲ, ಸ್ಕೂಟರ್ ಮೇಲೆ ಕಾಲು ಹಾಕೋಕೆ ಆಗಲ್ಲ. ಈ ಗಾಡಿ ಮಾತ್ರ ಮಣೆ ಮೇಲೆ ಕೂತಷ್ಟು ತಗ್ಗು. ಬಲಗಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿಕೊಂಡು ಊರೆಲ್ಲ ಸುತ್ತುತ್ತಿದ್ದರು.

"ಎಂಜಿನ್ನು ಜಾಮಾಗಿದೆ ಅಳಿಯಂದ್ರೇ. ಗೌರಿ ಹಬ್ಬಕ್ಕೆ ಮೂರು ತಿಂಗಳಿದೆ. ಅಷ್ಟರಲ್ಲಿ ನೀವು ಓಡಿಸಿಕೊಡಬೇಕು" ಅಂದರು.

ಮಾವನ ಅಕ್ಕ ಇದ್ದದ್ದು ಮಲ್ಲತ್ತಹಳ್ಳಿಯಲ್ಲಿ. ಪ್ರತಿ ಗೌರಿ ಹಬ್ಬಕ್ಕೂ ತವರಿನ ಬಾಗಿನ ತಮ್ಮನೇ ತಗೊಂಡು ಹೋಗಬೇಕು. ಬಾಗಿನ ಕೈಗೆ ಬರೋವರೆಗೂ ಆಯಮ್ಮ ಬಾಯಿಗೆ ಒಂದು ತೊಟ್ಟು ನೀರು ಹಾಕ್ತಿರಲಿಲ್ಲ. ಹಿಂದಿನ ವರ್ಷ ನಡುದಾರಿಯಲ್ಲಿ ಎಂಜಿನ್ನು ಕೈಕೊಟ್ಟು, ಆ ಕಾಲಲ್ಲಿ ಗಾಡಿ ತಳ್ಳಿಕೊಂಡು ಮಾವ ಅಲ್ಲಿ ಮುಟ್ಟಿದಾಗ ದೀಪ ಹಚ್ಚೋ ಹೊತ್ತು. ಎಪ್ಪತ್ತು ದಾಟಿದ ಮುದುಕಿ ಬೆಳಗಿಂದ ಗೇಟಿನಲ್ಲಿ ನಿಂತು ನಿಂತು ತಲೆ ಸುತ್ತಿ ಬಿದ್ದಿದ್ದರಂತೆ. ಮಾವ ಅಲ್ಲೇ ಮಾತು ಕೊಟ್ಟರು: "ಮುಂದಿನ ವರ್ಷ ಹತ್ತು ಗಂಟೆ ಒಳಗೆ ಇಲ್ಲಿರ್ತೀನಿ ಅಕ್ಕಾ. ನನ್ನ ಗಾಡೀಲೇ ಬರ್ತೀನಿ."

"ಆಟೋದಲ್ಲಿ ಹೋದ್ರೆ ಆಗಲ್ವಾ ಮಾವ?" ಅಂದೆ.

"ಮಾತು ಕೊಟ್ಟಿದ್ದು ನನ್ನ ಗಾಡೀಲಿ ಅಂತ" ಅಂದರು. ಆಟೋ ಮಾತು ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ನನಗೆ ಎಂಜಿನ್ನಿನ ತಲೆ ಬುಡ ಗೊತ್ತಿಲ್ಲ ಅಂತ ನಿಮ್ಮಪ್ಪನಿಗೆ ನೀನಾದ್ರೂ ಹೇಳೇ."

"ಈಗ ಹೇಳಿದ್ರೆ ಅಪ್ಪ ಮದುವೇನೇ ಕ್ಯಾನ್ಸಲ್ ಮಾಡಿಬಿಡ್ತಾರೆ. ಹೋಗಿ ರಿಪೇರಿ ಮಾಡಿ" ಅಂದಳು.

೨. ಇದು ಯಾವುದರ ಮರಿ?

ಮಾಗಡಿ ರೋಡಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಸ್ಕೂಟರ್, ಮೋಪೆಡ್, ಹಿಟ್ಟಿನ ಗಿರಣಿ, ಹೊಲಿಗೆ ಮೆಷಿನ್ನು, ಏನೇ ತಂದರೂ "ಅದೇನ್ ಮಹಾ" ಅಂತಿದ್ದ. ಮಿನಿಬೈಕನ್ನು ತಳ್ಳಿಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದೆ. ಮೊದಲ ಸಲ ಅವನು ಅದೇನ್ ಮಹಾ ಅನ್ನಲಿಲ್ಲ. ಸುತ್ತ ಎರಡು ಪ್ರದಕ್ಷಿಣೆ ಹಾಕಿದ.

"ಇದು ಯಾವುದರ ಮರಿ ಸಾರ್?"

"ಮರಿ ಅಲ್ಲಪ್ಪ, ಇದು ಇಷ್ಟೇ."

"ದೊಡ್ಡದಾಗತ್ತೇನೋ ಅಂದ್ಕೊಂಡೆ" ಅಂತ ಕೂತು ಎಂಜಿನ್ ಬಿಚ್ಚಿದ. ಒಳಗಿಂದ ಪಿಸ್ಟನ್ನು ಬರಲಿಲ್ಲ, ಅದರ ಬದಲು ಪುಡಿ ಬಂತು. ಆ ಪುಡಿಯನ್ನು ಅಂಗೈಲಿ ಹಿಡಿದು ನನಗೆ ತೋರಿಸಿದ. ಯಾಕೆ ತೋರಿಸ್ತಿದಾನೆ ಅಂತ ಗೊತ್ತಾಗದೆ ನಾನು ಸ್ವಲ್ಪ ಮೂಸಿ ನೋಡಿ "ಹೂಂ" ಅಂದೆ. ಮೇಸ್ತ್ರಿ ನನ್ನ ಮುಖವನ್ನೇ ನೋಡಿದ. ಆಮೇಲಿಂದ ಮೂರು ತಿಂಗಳೂ ನನಗೆ ಸ್ವಲ್ಪ ಹೆದರಿಕೊಂಡೇ ಮಾತಾಡಿದ, ದೊಡ್ಡ ತಜ್ಞ ಇರ್ಬೇಕು ಅಂತ.

ಈ ಎಂಜಿನ್ನಿಗೆ ಸಾಮಾನು ಸಿಗಲ್ಲ, ಬೇರೆ ಎಂಜಿನ್ನೇ ಕೂರಿಸಬೇಕು ಅನ್ನೋದು ಅವನ ತೀರ್ಮಾನ. ಅದನ್ನು ಮಾವನಿಗೆ ಹೇಳೋಕೆ ಹೋದರೆ ಅವರಿಗೆ ಬೇರೆಯದೇ ಚಿಂತೆ ಶುರುವಾಯಿತು.

"ಎಂಜಿನ್ನೇ ಬೇರೆ ಆದ್ಮೇಲೆ ಅದು ನನ್ನ ಗಾಡಿ ಹೇಗಾಗತ್ತೆ? ನನ್ನ ಗಾಡೀಲಿ ಬರ್ತೀನಿ ಅಂತ ಅಕ್ಕನಿಗೆ ಹೇಳಿದೀನಿ."

"ಫ್ರೇಮು ನಿಮ್ಮದೇ, ಚಕ್ರ ನಿಮ್ಮದೇ, ಸೀಟು ನಿಮ್ಮದೇ ಮಾವ."

"ಓಡ್ಸೋದು ಎಂಜಿನ್ನು ತಾನೇ? ಅದು ಬೇರೆಯವರದ್ದಾದ್ರೆ ನಾನು ಬೇರೆಯವರ ಗಾಡೀಲಿ ಹೋದ ಹಾಗಲ್ವಾ?"

ಅರ್ಧ ಗಂಟೆ ಈ ಚರ್ಚೆ ನಡೆಯಿತು. ನನಗೂ ತಲೆ ಗಿರ್ ಅನ್ನೋಕೆ ಶುರುವಾಯಿತು, ಗಾಡಿ ಅಂದರೆ ಯಾವುದು, ಫ್ರೇಮೋ ಎಂಜಿನ್ನೋ ಅಂತ. ಒಳಗಿಂದ ಅತ್ತೆ ಸೌಟು ಹಿಡ್ಕೊಂಡು ಬಂದರು.

"ಹೋದ ವರ್ಷ ಹಲ್ಲು ಸೆಟ್ಟು ಹಾಕಿಸ್ಕೊಂಡ್ರಲ್ಲ, ಊಟ ಮಾಡ್ತಿರೋದು ನೀವೋ, ಡಾಕ್ಟರೋ?"

ಮಾವ ನಾಲಿಗೆಯಿಂದ ಹಲ್ಲು ಸೆಟ್ಟು ಸರಿಮಾಡಿಕೊಂಡರು. ಹೊಸ ಎಂಜಿನ್ನಿಗೆ ಒಪ್ಪಿಗೆ ಸಿಕ್ಕಿದ್ದು ಹೀಗೆ.

೩. ಒಂದು ಗೇಣು ನಾಲ್ಕು ಬೆರಳು

ಸುಂಕದಕಟ್ಟೆಯಲ್ಲಿ ಒಬ್ಬ ಗೌಡರ ಹತ್ತಿರ ಸಣ್ಣದೊಂದು ಸೀಮೆಎಣ್ಣೆ ಪಂಪ್‌ಸೆಟ್ ಎಂಜಿನ್ನು ಇದೆ, ತೋಟಕ್ಕೆ ಕರೆಂಟು ಬಂದ ಮೇಲೆ ಸುಮ್ಮನೆ ಬಿದ್ದಿದೆ ಅಂತ ಮೇಸ್ತ್ರಿ ಪತ್ತೆ ಹಚ್ಚಿದ. "ಅಳತೆ ಒಂದು ನೋಡ್ಕೊಂಡು ಬನ್ನಿ ಸಾರ್, ಫ್ರೇಮಿನಲ್ಲಿ ಕೂತ್ಕೊಂಡ್ರೆ ಸಾಕು" ಅಂದ.

ಫ್ರೇಮಿನಲ್ಲಿ ಎಂಜಿನ್ ಕೂರುವ ಜಾಗವನ್ನು ಮಾವನೇ ಅಳೆದರು. ಟೇಪು ತರ್ತೀನಿ ಅಂದೆ. "ಟೇಪೆಲ್ಲ ಮೊನ್ನೆ ಮೊನ್ನೆ ಬಂದಿದ್ದು" ಅಂತ ಕೈ ಅಗಲಿಸಿ ಫ್ರೇಮಿಗೆ ಹಿಡಿದರು. "ಬರ್ಕೊಳ್ಳಿ. ಒಂದು ಗೇಣು, ಮೇಲೆ ನಾಲ್ಕು ಬೆರಳು."

ಸ್ಟೋರ್ಸಿನವನು ನೋಡಿ ನಾನು, ನೀಟಾಗಿ ಚೀಟಿಯಲ್ಲಿ ಬರೆದು, ಕೆಳಗೆ ತಾರೀಕು ಹಾಕಿ ಜೇಬಿಗಿಟ್ಟೆ.

ಸುಂಕದಕಟ್ಟೆಗೆ ಹೋದೆ. ಗೌಡರು ಅಂದರೆ ಗೌಡರೇ, ಬಾಗಿಲಿಗೆ ಬಂದು ನಿಂತರೆ ಬಾಗಿಲು ಕಾಣ್ತಿರಲಿಲ್ಲ. ಎಂಜಿನ್ನು ತೋರಿಸಿದರು. ನಾನು ಚೀಟಿ ತೆಗೆದು "ಇದರ ಅಳತೆ ಎಷ್ಟಿದೆ ಗೌಡ್ರೇ?" ಅಂದೆ. ಅವರು ಬಗ್ಗಿ ಕೈ ಅಗಲಿಸಿ ಎಂಜಿನ್ನಿಗೆ ಹಿಡಿದರು.

"ಒಂದು ಗೇಣು, ನಾಲ್ಕು ಬೆರಳು."

ನನಗೆ ಮೈ ಜುಂ ಅಂತು. ಒಂದು ಕೂದಲೆಳೆಯ ವ್ಯತ್ಯಾಸ ಇಲ್ಲ! ದೇವರೇ ಈ ಎಂಜಿನ್ನನ್ನು ನಮ್ಮ ಫ್ರೇಮಿಗೆ ಅಂತ ಮಾಡಿ ಇಟ್ಟಿದಾನೆ ಅನ್ನಿಸಿತು. ಚೀಟಿ ಮೇಲೆ ಸರಿ ಅಂತ ಗುರುತು ಹಾಕಿ, ಲಗೇಜ್ ಆಟೋ ಹಿಡಿದು ಎಂಜಿನ್ನನ್ನು ವಿಜಯನಗರಕ್ಕೆ ತಂದೆ. ಬೀದಿಯವರೆಲ್ಲ ಸೇರಿದರು. ನಾಲ್ಕು ಜನ ಎತ್ತಿ ಫ್ರೇಮಿನಲ್ಲಿ ಇಳಿಸೋಕೆ ಹೋದರೆ ಎಂಜಿನ್ನು ಫ್ರೇಮಿನ ಮೇಲೆ ಕೂತಿತೇ ಹೊರತು ಒಳಗೆ ಹೋಗಲಿಲ್ಲ. ಮೂರಿಂಚು ದೊಡ್ಡದು.

ಚೀಟಿ ತೆಗೆದು ನೋಡಿದೆ. ಎರಡು ಸಲ ಓದಿದೆ. ಚೀಟಿ ಸರಿಯಾಗೇ ಇತ್ತು.

ಮಾವ ಸೊಂಟದ ಮೇಲೆ ಕೈ ಇಟ್ಟು ಕೇಳಿದರು, "ಯಾರ ಗೇಣಲ್ಲಿ ಅಳೆದ್ರಿ?"

"ಗೌಡರ ಗೇಣಲ್ಲಿ."

"ಅಯ್ಯೋ ನಿಮ್ಮ! ನನ್ನ ಗೇಣಲ್ಲಿ ಅಳೀಬೇಕಿತ್ತು!"

"ನಿಮ್ಮ ಗೇಣು ಇಲ್ಲೇ ಇತ್ತಲ್ಲ ಮಾವ, ನಾನು ಸುಂಕದಕಟ್ಟೇಲಿ ಇದ್ದೆ" ಅಂದೆ.

೪. ಫಾರಿನ್ ಮಾಲು

ಮೇಸ್ತ್ರಿ ಮಾತ್ರ ಎದೆಗುಂದಲಿಲ್ಲ. "ಎಂಜಿನ್ನು ಫ್ರೇಮಿಗೆ ಕೂರಲ್ಲ ಅಂದ್ರೆ ಫ್ರೇಮೇ ಎಂಜಿನ್ನಿಗೆ ಕೂರಲಿ ಸಾರ್, ಅದೇನ್ ಮಹಾ" ಅಂದ. ಫ್ರೇಮನ್ನು ಕೊಯ್ದು ಮೂರಿಂಚು ಅಗಲ ಮಾಡಿ ಬೆಸೆಯಬೇಕು. ಚಂದ್ರಾ ಲೇಔಟಿನಲ್ಲಿ ಆಗ ಎಲ್ಲಿ ನೋಡಿದರೂ ಹೊಸ ಮನೆ ಕಟ್ಟುತ್ತಿದ್ದರು, ಕಿಟಕಿ ಗ್ರಿಲ್ ಮಾಡೋ ಒಬ್ಬ ವೆಲ್ಡರನ್ನು ಹಿಡಿದೆವು. ಎಂಜಿನ್ನು ಕ್ಲೀನಿಂಗಿಗೆ ಅಂತ ಮೇಸ್ತ್ರಿ ಹತ್ತಿರ ಇತ್ತು. ವೆಲ್ಡರಿಗೆ ಅಳತೆ ಹೇಗೆ ಕೊಡೋದು? ಗೇಣಿನ ಮಾತು ಎತ್ತೋ ಧೈರ್ಯ ಯಾರಿಗೂ ಇರಲಿಲ್ಲ.

ಆಗ ನನಗೊಂದು ಬುದ್ಧಿ ಹೊಳೆಯಿತು. ಬಡಗಿಯ ಹತ್ತಿರ ಎಂಜಿನ್ನಿನಷ್ಟೇ ದೊಡ್ಡ ಒಂದು ಮರದ ಕೊರಡು ಮಾಡಿಸಿದೆ. ಅದೇ ಉದ್ದ, ಅದೇ ಅಗಲ, ಬೋಲ್ಟಿಗೆ ನಾಲ್ಕು ತೂತು. ಅದನ್ನು ವೆಲ್ಡರಿಗೆ ಕೊಟ್ಟು "ಇದು ಸರಿಯಾಗಿ ಕೂರೋ ಹಾಗೆ ಫ್ರೇಮ್ ಮಾಡಪ್ಪಾ" ಅಂತ ಹೇಳಿ ಬಂದೆ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಎಂಜಿನಿಯರಿಂಗ್ ಕೆಲಸ ಅದು, ಹೆಮ್ಮೆ ಪಟ್ಟೆ.

ನಾಲ್ಕು ದಿನ ಬಿಟ್ಟು ಫ್ಯಾಕ್ಟರಿ ಮುಗಿಸಿ ಮಾವನ ಮನೆಗೆ ಹೋದರೆ ಗಾಡಿ ಆಗಲೇ ಬಂದಿದೆ. ಅಂಗಳದಲ್ಲಿ ಫಳಫಳ ಅಂತ ನಿಂತಿದೆ. ಮಾವ ಅದರ ಮೇಲೆ ಕೂತಿದಾರೆ, ಕೈಲಿ ಆಯಿಲ್ ಡಬ್ಬ, ಮುಖದಲ್ಲಿ ದೊಡ್ಡ ಗೊಂದಲ.

ವೆಲ್ಡರ್ ಹೇಳಿದಷ್ಟೂ ಮಾಡಿದ್ದ. ಫ್ರೇಮ್ ಅಗಲ ಮಾಡಿದ್ದ. ಕೊರಡನ್ನು ಒಳಗೆ ಕೂರಿಸಿದ್ದ. ನಾಲ್ಕೂ ಬೋಲ್ಟ್ ಬಿಗಿದಿದ್ದ. ಫ್ರೇಮಿಗೆ ಹೊಡೆದ ಕಪ್ಪು ಪೇಂಟನ್ನೇ ಕೊರಡಿಗೂ ಎರಡು ಕೋಟು ಹೊಡೆದು ತಂದು ಬಿಟ್ಟು ಹೋಗಿದ್ದ.

"ಅಳಿಯಂದ್ರೇ, ಬಂದ್ರಾ! ಆಗ್ಲಿಂದ ಹುಡುಕ್ತಾ ಇದೀನಿ, ಆಯಿಲ್ ಹಾಕೋ ತೂತು ಎಲ್ಲಿದೆ ಇದಕ್ಕೆ?"

ಮಾವ ಎಂಜಿನ್ನನ್ನು ಬೆರಳಿಂದ ಟಕ್ ಟಕ್ ಅಂತ ತಟ್ಟಿದರು. ಬಗ್ಗಿ ಅದಕ್ಕೆ ಕಿವಿ ಇಟ್ಟು ಕೇಳಿದರು. ಸಂತೋಷದಿಂದ ತಲೆ ಅಲ್ಲಾಡಿಸಿದರು.

"ಒಂದು ಚೂರು ಭಾರ ಇಲ್ಲ ನೋಡಿ. ಫಾರಿನ್ನಾ?"

೫. ರೇಷನ್ ಕಾರ್ಡಿನಲ್ಲಿ ಗಾಡಿ

ಕೊನೆಗೂ ನಿಜವಾದ ಎಂಜಿನ್ನು ಫ್ರೇಮಿನ ಒಳಗೆ ಹೋಯಿತು. ಒಂದು ತೊಡಕು ಬಂತು. ಗಾಡಿಯ ಚೈನು ಎಡಗಡೆ, ಪಂಪ್‌ಸೆಟ್ಟಿನ ಶಾಫ್ಟು ಬಲಗಡೆ. ಮೇಸ್ತ್ರಿ ಒಂದು ಬೀಡಿ ಸೇದಿ ಮುಗಿಸೋವಷ್ಟು ಹೊತ್ತು ಯೋಚನೆ ಮಾಡಿದ. "ಅದೇನ್ ಮಹಾ ಸಾರ್, ಎಂಜಿನ್ನನ್ನೇ ತಿರುಗಿಸಿ ಕೂರಿಸ್ತೀನಿ. ಮುಂದಿನ ಮುಖ ಹಿಂದಕ್ಕೆ ಬರತ್ತೆ, ಶಾಫ್ಟು ಎಡಕ್ಕೆ ಬರತ್ತೆ. ಏನಂತೀರಿ?"

ಏನನ್ನಲಿ? "ಹೂಂ" ಅಂದೆ.

ಆ ಎಂಜಿನ್ನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಮಾವ ಹೇಳದೆ ಕೇಳದೆ ಅಡುಗೆಮನೆಯ ಸೀಮೆಎಣ್ಣೆ ಡಬ್ಬ ತಂದು ಟ್ಯಾಂಕಿಗೆ ಸುರಿದರು. ಸಂಜೆ ಅತ್ತೆ ಸ್ಟೌ ಹಚ್ಚೋಕೆ ಹೋದರೆ ಬತ್ತಿ ಒಣಗಿದೆ. ಆ ದಿನ ಇಬ್ಬರಿಗೂ ಅವಲಕ್ಕಿಯೇ ಗತಿ. ಮರುದಿನ ಅತ್ತೆ ರೇಷನ್ ಅಂಗಡಿಯಲ್ಲಿ ಕ್ಯಾನು ಮುಂದಿಟ್ಟು ಇನ್ನೂ ಸ್ವಲ್ಪ ಸೀಮೆಎಣ್ಣೆ ಕೊಡಿ ಅಂದರಂತೆ. "ಮನೇಲಿ ಇಬ್ರೇ ಅಲ್ವಾ ಅಮ್ಮ ಇರೋದು?" ಅಂದರಂತೆ ಅಂಗಡಿಯವರು. ಅತ್ತೆ ಹೇಳಿದರಂತೆ:

"ಮೂರು ಜನ. ಇನ್ನೊಬ್ಬರು ಅಂಗಳದಲ್ಲಿ ನಿಂತಿದಾರೆ. ಅವರು ಬರೀ ಸೀಮೆಎಣ್ಣೇನೇ ಕುಡಿಯೋದು."

ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮುಹೂರ್ತ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ನಿನ ಪುಲ್ಲಿಗೆ ಹಗ್ಗ ಸುತ್ತಿ ಮೇಸ್ತ್ರಿ ಎಳೆದ. ಏಳನೇ ಸಲಕ್ಕೆ ಡುಗುಡುಗು ಅಂತು. ಬೀದಿ ತುಂಬ ಬಿಳೀ ಹೊಗೆ. ಮಾವ ಕ್ಲಚ್ಚಿನ ಹಿಡಿ ಬಿಟ್ಟರು, ಹಿಂದಿನ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗಿತು. ಜನ ಚಪ್ಪಾಳೆ ತಟ್ಟಿದರು, ಮಾವ ಕಣ್ಣೊರೆಸಿಕೊಂಡರು, ಮೇಸ್ತ್ರಿ ನನ್ನ ಕೈ ಕುಲುಕಿದ. ಚಕ್ರ ತಿರುಗ್ತಿದೆಯಾ ಅಂತ ಅಷ್ಟು ಜನ ನೋಡಿದರು. ಯಾವ ಕಡೆಗೆ ತಿರುಗ್ತಿದೆ ಅಂತ ಒಬ್ಬನೂ ನೋಡಲಿಲ್ಲ.

೬. ಮುಂದೆ ಹೋಗಿ ಮಾವ

ಸ್ಟ್ಯಾಂಡ್ ತೆಗೆದೆವು. ಮಾವ ಬಲಗಾಲು ಚಾಚಿ ಕೂತರು. ಅವರ ಎದುರು ದಾರಿ ಬಿಡಿಸೋಕೆ ನಾನು ನಿಂತಿದ್ದೆ. "ದಾರಿ ಬಿಡಿ, ದಾರಿ ಬಿಡಿ" ಅಂತ ಜನರನ್ನೆಲ್ಲ ಪಕ್ಕಕ್ಕೆ ಸರಿಸಿದೆ. "ಹೂಂ ಮಾವ, ಬನ್ನಿ!"

ಮಾವ ಕ್ಲಚ್ ಬಿಟ್ಟರು. ನನ್ನನ್ನೇ ನೋಡ್ತಾ ನೋಡ್ತಾ ದೂರ ಹೋದರು.

ನಾನು ಕಕ್ಕಾಬಿಕ್ಕಿ. ಗಾಡಿ ಹಿಂದಕ್ಕೆ ಹೋಗಿ, ಎದುರು ಮನೆ ಆಂಟಿಯ ತುಳಸಿಕಟ್ಟೆಗೆ ಮೆತ್ತಗೆ ಒರಗಿ ನಿಂತಿತು.

"ಮುಂದೆ ಹೋಗಿ ಮಾವ, ಹಿಂದೆ ಯಾಕೆ ಹೋಗ್ತೀರಿ?"

"ನಾನೆಲ್ಲಿ ಹೋದೆ? ಅದೇ ಕರ್ಕೊಂಡು ಹೋಯ್ತು!"

ಮತ್ತೆ ತಂದು ನಿಲ್ಲಿಸಿದೆವು. ಮತ್ತೆ ತುಳಸಿಕಟ್ಟೆ. ಮೂರನೇ ಸಲ ಆಂಟಿ ಹೊರಗೆ ಬಂದು, "ಹಬ್ಬ ನಾಳೆ ಅಲ್ವಾ, ಪ್ರದಕ್ಷಿಣೆ ಇವತ್ತೇ ಶುರು ಮಾಡಿದ್ರಾ?" ಅಂದರು.

ಮೇಸ್ತ್ರಿ ನೆಲದ ಮೇಲೆ ಕೂತು ತಲೆ ಕೆರೆದುಕೊಂಡ. ಎಂಜಿನ್ನನ್ನು ತಿರುಗಿಸಿ ಕೂರಿಸಿದ ಮೇಲೆ ಅದು ಸುತ್ತೋದೂ ಉಲ್ಟಾ ಆಗುತ್ತೆ ಅನ್ನೋದು ಆಗ ಅವನಿಗೆ ಹೊಳೆದದ್ದು. ಸರಿ ಮಾಡೋಕೆ ನಡುವೆ ಎರಡು ಗಿಯರ್ ಹಾಕಬೇಕು, ಲೇತಿನಲ್ಲಿ ಕಡೆಸಬೇಕು, ಲೇತಿನವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದಾರೆ. "ಒಂದು ವಾರ ಕೊಡಿ ಸಾರ್" ಅಂದ. ನನ್ನ ಕಡೆ ತಿರುಗಿ ಮೆಲ್ಲಗೆ ಸೇರಿಸಿದ, "ನಿಮ್ಮನ್ನ ಕೇಳಿದ್ನಲ್ಲ ಸಾರ್, ನೀವು ಹೂಂ ಅಂದ್ರಿ."

ಮಾವ ಸೀಟಿನ ಮೇಲಿಂದ ಏಳಲೇ ಇಲ್ಲ. "ನಾಳೆ ಹತ್ತು ಗಂಟೆಗೆ ಅಕ್ಕ ಗೇಟಿನಲ್ಲಿ ನಿಂತಿರ್ತಾಳೆ" ಅಂದರು, ಅಷ್ಟೇ. ಹೋಗಿ ಅವರ ಎದುರು ನಿಂತೆ. ಮೊದಲ ಸಲ ಬಾಯಿ ತೆರೆದು ಹೇಳಿದೆ: "ಮಾವ, ನನಗೆ ಎಂಜಿನ್ನು ಏನೂ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ."

ಮಾವ ತಲೆ ಎತ್ತಿ ನೋಡಿದರು.

"ಅದು ಬೀದಿಗೇ ಗೊತ್ತಾಯ್ತಲ್ಲ ಅಳಿಯಂದ್ರೇ. ಸೈಕಲ್ ಹೊಡಿಯೋಕಾದ್ರೂ ಬರತ್ತೋ ಇಲ್ವೋ?"

೭. ಬಂದೆಯೋ, ಹೋದೆಯೋ?

ಹಬ್ಬದ ಬೆಳಗ್ಗೆ ಎಂಟು ಗಂಟೆಗೆ ಹೊರಟೆವು. ಮುಂದೆ ನನ್ನ ಸೈಕಲ್ಲು. ಅದರ ಕ್ಯಾರಿಯರಿಗೆ ಕಟ್ಟಿದ ಹಗ್ಗ. ಹಗ್ಗದ ಆ ತುದಿಗೆ ಮಿನಿಬೈಕು, ಅದರ ಮೇಲೆ ಮಾವ. ಇಸ್ತ್ರಿ ಮಾಡಿದ ಬಿಳೀ ಪಂಚೆ, ಹೆಗಲ ಮೇಲೆ ಶಲ್ಯ, ತೊಡೆ ಮೇಲೆ ಬಾಗಿನದ ಮೊರ. ಅತ್ತೆ ಮೊರಕ್ಕೆ ಬಟ್ಟೆ ಸುತ್ತಿ ಮಾವನ ಸೊಂಟಕ್ಕೇ ಕಟ್ಟಿಬಿಟ್ಟಿದ್ದರು.

ವಿಜಯನಗರದಿಂದ ಚಂದ್ರಾ ಲೇಔಟಿನ ಏರು ಹತ್ತೋ ಹೊತ್ತಿಗೆ ನನ್ನ ನಾಲಿಗೆ ಹೊರಗೆ ಬಂದಿತ್ತು. ಮಾವ ಹಿಂದಿನಿಂದ "ಗುಂಡಿ ನೋಡಿ", "ಬೆಲ್ ಮಾಡಿ", "ಅಷ್ಟು ಸ್ಪೀಡ್ ಬೇಡ" ಅಂತ ಹೇಳ್ತಾನೇ ಇದ್ದರು. ಒಂದು ಕಡೆ ಹಾಲಿನವನೊಬ್ಬ ಸೈಕಲ್ ನಿಲ್ಲಿಸಿ ಕೇಳಿದ, "ಪೆಟ್ರೋಲ್ ಖಾಲಿನಾ ಯಜಮಾನ್ರೇ?"

"ಫುಲ್ ಟ್ಯಾಂಕ್ ಇದೆ" ಅಂದರು ಮಾವ ಗತ್ತಿನಲ್ಲಿ.

ಅವನು ನನ್ನ ಮುಖ ನೋಡಿದ, ಹಗ್ಗ ನೋಡಿದ, ಏನೂ ಅರ್ಥ ಆಗದೆ ಹೊರಟುಹೋದ.

ಮಲ್ಲತ್ತಹಳ್ಳಿಯ ಕೆರೆ ದಾಟಿ ಅಕ್ಕನ ಬೀದಿಯ ತುದಿ ಮುಟ್ಟಿದಾಗ ಹತ್ತಕ್ಕೆ ಹದಿನೈದು ನಿಮಿಷ ಇತ್ತು. ಇನ್ನು ಇನ್ನೂರು ಗಜ. ಬದುಕಿದೆ ಅಂದುಕೊಂಡೆ. ಹಿಂದಿನಿಂದ "ನಿಲ್ಸಿ" ಅಂತ ಅಪ್ಪಣೆ ಆಯಿತು.

"ಹಗ್ಗ ಬಿಚ್ಚಿ. ಗಾಡಿ ತಿರುಗಿಸಿ ನಿಲ್ಸಿ. ಎಂಜಿನ್ ಸ್ಟಾರ್ಟ್ ಮಾಡಿ."

"ಅಯ್ಯೋ ಮಾವ, ಮನೆ ಕಾಣ್ತಾ ಇದೆಯಲ್ಲ!"

"ಅದಕ್ಕೇ ಹೇಳ್ತಿರೋದು. ನನ್ನ ಗಾಡೀಲಿ ಬರ್ತೀನಿ ಅಂದೋನು ಕರು ಥರ ಹಗ್ಗ ಕಟ್ಟಿಸ್ಕೊಂಡು ಹೋಗ್ಲಾ? ಹಿಂದಕ್ಕೆ ತಾನೇ ಹೋಗೋದು, ಹಿಂದಕ್ಕೇ ಹೋಗ್ತೀನಿ. ನೀವು ಹಿಂದೆ ನಿಂತ್ಕೊಂಡು ದಾರಿ ಹೇಳಿ."

ಗಾಡಿಯನ್ನು ತಿರುಗಿಸಿದೆ. ಈಗ ಮಾವನ ಬೆನ್ನು ಅಕ್ಕನ ಮನೆ ಕಡೆ. ಹಗ್ಗ ಸುತ್ತಿ ಎಳೆದೆ. ಡುಗುಡುಗು ಶುರುವಾಯಿತು. ಮಾವ ಎಡಗಾಲನ್ನು ನೆಲಕ್ಕೆ ಊರಿಕೊಂಡು, ನಡಿಗೆಯ ವೇಗದಲ್ಲಿ, ಹಿಂದು ಹಿಂದಾಗಿ ಹೊರಟರು. ನಾನು ಬಸ್ ಕಂಡಕ್ಟರ್ ಹಾಗೆ ಕೈ ಆಡಿಸ್ತಾ, "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ರೈಟ್, ಬರ್ಲಿ" ಅಂತ ಹಿಂದೆ ಹಿಂದೆ ಸರೀತಾ ಇದ್ದೆ.

ಸದ್ದು ಕೇಳಿ ಅಕ್ಕ ಗೇಟಿಗೆ ಬಂದರು. ಅವರಿಗೆ ಕಂಡದ್ದು ಹೊಗೆ, ಹೊಗೆಯ ನಡುವೆ ತಮ್ಮನ ಬೆನ್ನು.

"ಅಯ್ಯೋ ನನ್ನಪ್ಪಾ! ಬಾಗಿಲವರೆಗೂ ಬಂದು ವಾಪಸ್ ಹೋಗ್ತಾ ಇದಾನಲ್ಲೋ! ಯಾರಾದ್ರೂ ಹಿಡೀರೋ!"

ಕೂಗಿದ್ದಷ್ಟೇ ಅಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಯೇಬಿಟ್ಟರು. ಹೊಟ್ಟೆಗೆ ನೀರಿಲ್ಲದ ಮುದುಕಿ ಅಷ್ಟು ಜೋರಾಗಿ ಓಡೋದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೋಗ್ತಿರೋ ತಮ್ಮನನ್ನು ಹಿಡಿಯೋಕೆ ಅವರು ಓಡಿ ಬರ್ತಿದಾರೆ. ಹೋಗ್ತಿರೋ ತಮ್ಮ ಅವರ ಕಡೆಗೇ ಬರ್ತಿದಾನೆ. ನಡುವೆ ನಾನು. ಯಾರನ್ನು ನಿಲ್ಲಿಸಬೇಕು ಅಂತ ತಿಳಿಯದೆ ಇಬ್ಬರಿಗೂ "ಹೋಲ್ಡಾನ್, ಹೋಲ್ಡಾನ್" ಅಂತ ಕಿರುಚಿ ಪಕ್ಕಕ್ಕೆ ಹಾರಿದೆ.

ಅಕ್ಕ ಹಿಂದಿನಿಂದ ಶಲ್ಯ ಹಿಡಿದರು.

"ಎಲ್ಲಿಗೋ ಹೋಗ್ತೀಯ?"

"ಇಲ್ಲಿಗೇ ಕಣಕ್ಕಾ!" ಅಂತ ಮಾವ ಕತ್ತು ತಿರುಗಿಸಿದರು.

"ಬಂದೆಯೋ, ಹೋದೆಯೋ? ನೆಟ್ಟಗೆ ಒಂದು ಹೇಳು!"

"ಬಂದೆ. ಗಾಡಿಗೆ ಅಭ್ಯಾಸ ಇಲ್ಲ, ಅದು ಹೋಗೋ ಥರಾನೇ ಬರತ್ತೆ."

ಹತ್ತಕ್ಕೆ ಇನ್ನೂ ಐದು ನಿಮಿಷ ಇತ್ತು. ಮೊರ ಬಿಚ್ಚಿ ಬಾಗಿನ ಕೊಟ್ಟರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು, ಅಲ್ಲೇ ಬೀದಿಯಲ್ಲೇ ಒಂದು ಚೊಂಬು ನೀರು ತರಿಸಿ ಗಟಗಟ ಕುಡಿದರು. ಮಾವ ಆ ಚೊಂಬು ಖಾಲಿ ಆಗೋವರೆಗೂ ಅದನ್ನೇ ನೋಡ್ತಾ ನಿಂತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮೂರು ತಿಂಗಳಿನ ಬಯ್ಗುಳ ಎಲ್ಲ ಮರೆತುಹೋಯಿತು.

ಒಬ್ಬಟ್ಟಿನ ಊಟ ಮುಗಿಸಿ ಸಂಜೆ ನಾಲ್ಕಕ್ಕೆ ಹೊರಟೆವು. ಬೀದಿ ತುದಿಯವರೆಗೂ ಎಂಜಿನ್ನಿನಲ್ಲೇ ಹೋಗಬೇಕು ಅಂತ ಮಾವನ ಹಟ. ಗಾಡಿಯ ಮುಖವನ್ನು ಗೇಟಿನ ಕಡೆ ತಿರುಗಿಸಿ ಸ್ಟಾರ್ಟ್ ಮಾಡಿದೆ. ಮಾವ ಅಕ್ಕನ ಎದುರಿಗೇ ಕೂತು, ಅಕ್ಕನನ್ನೇ ನೋಡ್ತಾ, ಕೈ ಬೀಸ್ತಾ ಹಿಂದು ಹಿಂದಾಗಿ ಹೊರಟರು.

ಅಕ್ಕನೂ ಕೈ ಬೀಸಿದರು. ಪಕ್ಕದಲ್ಲಿದ್ದ ನನಗೆ ಹೇಳಿದರು, "ಇಷ್ಟು ವರ್ಷ ಇವನು ಹೋಗುವಾಗ ಬೆನ್ನು ನೋಡ್ಕೊಂಡು ಅಳ್ತಾ ನಿಲ್ತಿದ್ದೆ ಕಣಪ್ಪ. ಇವತ್ತು ನೋಡು, ಮುಖ ತೋರಿಸ್ಕೊಂಡೇ ಹೋಗ್ತಾ ಇದಾನೆ. ಈ ಎಂಜಿನ್ನು ಹಾಕಿದ್ದು ನೀನಂತೆ. ನಿನ್ನ ಹೊಟ್ಟೆ ತಣ್ಣಗಿರಲಿ."

ಆ ಮಾತಿಗೆ ನಾನು ಕರಗಿ ನಿಂತುಬಿಟ್ಟೆ. ಮಾವನ ಹಿಂದೆ ನಿಂತು ಬರ್ಲಿ, ಹೋಲ್ಡಾನ್ ಅನ್ನಬೇಕಾದವನು ನಾನು ಅನ್ನೋದು ನೆನಪಾದಾಗ ತಡ ಆಗಿತ್ತು. ಮಾವ ನಗ್ತಾ, ಕೈ ಬೀಸ್ತಾ, ನಾಲ್ಕು ಮನೆ ಆಚೆಯವರ ತಿಪ್ಪೆಯೊಳಕ್ಕೆ ಹೋದರು. ಎಂಜಿನ್ನು ನಿಂತಿತು. ಹುಲ್ಲು, ಸೆಗಣಿಯ ನಡುವೆ ಎದೆಯಿಂದ ಮೇಲೆ ಮಾವ, ಒಂದು ಚಾಚಿದ ಬಲಗಾಲು, ಒಂದು ಬೀಸ್ತಿರೋ ಕೈ. ಮುಖದಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲ.

"ಅಕ್ಕಾ, ನೀನು ಒಳಗೆ ಹೋಗು! ನೀನು ಒಳಗೆ ಹೋಗೋವರೆಗೂ ನಾನು ಹೋಗಲ್ಲ!"

ಅಕ್ಕನಿಗೆ ದೂರದ ಕಣ್ಣು ಮಂಜು. ಅವರು ಗೇಟು ಹಿಡ್ಕೊಂಡು ಕೂಗಿದರು, "ನೀನು ಹೋಗೋವರೆಗೂ ನಾನು ಒಳಗೆ ಹೋಗಲ್ಲ ಕಣೋ!"

ಹದಿನೈದು ನಿಮಿಷ ಇಬ್ಬರೂ ಕೈ ಬೀಸ್ತಾನೇ ಇದ್ದರು. ನಾನು ಹಗ್ಗ ಹಿಡ್ಕೊಂಡು ನಡುಬೀದಿಯಲ್ಲಿ ನಿಂತಿದ್ದೆ. ಅಕ್ಕನಿಗೇ ಕೊನೆಗೆ ಕೈ ಸೋತಿತು.

"ಸರಿ ಕಣೋ, ನಿನಗೆ ಹೋಗೋಕೆ ಮನಸ್ಸಿಲ್ಲ ಅಂತ ಗೊತ್ತಾಯ್ತು. ಬಾ, ಕಾಫಿ ಕುಡ್ಕೊಂಡು ಹೋಗು!"

ಮಾವ ತಿಪ್ಪೆಯಿಂದಲೇ ಒಂದು ಕ್ಷಣ ಯೋಚಿಸಿದರು.

"ಇಲ್ಲಿಗೇ ತಗೊಂಡು ಬಾ ಅಕ್ಕಾ!"